ಸಗಣಿಯೊಳಗಿನ ಮಣ್ಣು

ನನ್ನ ಸೊಸೆಯನ್ನು ಅವಳಪ್ಪ ಬಾಗಲೂರಿಗೆ ಕರೆದುಕೊಂಡು ಹೋದದ್ದು ಕೆಮ್ಮಿನ ದೆಸೆಯಿಂದ, ಜಗಳದಿಂದಲ್ಲ. ಊರಿನವರು ಜಗಳ ಅಂತಲೇ ಆಡಿಕೊಂಡರು. ಆಡಿಕೊಳ್ಳಲಿ ಅಂತ ಸುಮ್ಮನಿದ್ದೆ. ಹೆರಿಗೆಯಾಗಿ ಐದು ತಿಂಗಳಾದರೂ ಒಲೆ ಮುಂದೆ ಕೂತರೆ ಅವಳಿಗೆ ಉಸಿರು ಹಿಡಿದುಕೊಳ್ಳುತ್ತಿತ್ತು. ಹೊಸೂರಿನ ಡಾಕ್ಟರು ಎರಡು ಸಲ ಔಷಧಿ ಕೊಟ್ಟರು. ಮೂರನೇ ಸಲ, "ಔಷಧಿ ಕೊಡೋದು ನಾನು, ದಿನಾ ಹೊಗೆ ಕುಡಿಸೋದು ನೀವು. ಇದು ಮುಗಿಯೋ ಕೆಲಸ ಅಲ್ಲಮ್ಮ" ಅಂದರು.

ಬೀಗರು ಬಂದವರು ಜಗುಲಿ ಮೇಲೆ ಕೂತು ನೀರು ಕುಡಿದು ಹೇಳಿದರು. "ಅಕ್ಕ, ನಿಮ್ಮೇಲೆ ನಂಗೇನೂ ಸಿಟ್ಟಿಲ್ಲ. ಆ ಹೊಗೆ ಇರೋಗಂಟ ಮಗ್ಳುನ್ನ ಕಳ್ಸಾಕಿಲ್ಲ."

ಅವರು ಹೇಳಿದ್ದು ನ್ಯಾಯ. ಆದರೂ ನನಗೆ ಕೋಪ ಬಂತು. ನಾನೂ ನಲವತ್ತು ವರ್ಷ ಅದೇ ಹೊಗೆಯಲ್ಲಿ ಬೇಯಿಸಿದ್ದೆ. ನಮ್ಮಪ್ಪ ಬಂದು ಕರೆದುಕೊಂಡು ಹೋಗಿರಲಿಲ್ಲ.

ನಮ್ಮದು ಉದ್ದನಪಲ್ಲಿ ಪಕ್ಕದ ಹಳ್ಳಿ, ಮನೆಮಾತು ಕನ್ನಡವಾದರೂ ಆಫೀಸೆಲ್ಲ ತಮಿಳು. ಎಂಬತ್ತೆರಡೋ ಎಂಬತ್ತಮೂರೋ ಇಸವಿ. ಮಗ ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸದಲ್ಲಿದ್ದ. ಸಿಲಿಂಡರಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು, ಬಂದರೂ ನಮ್ಮ ಹಳ್ಳಿಗೆ ಯಾರು ಹೊತ್ತು ತರುತ್ತಾರೆ. ಸೀಮೆಎಣ್ಣೆ ರೇಷನ್ನಿನಲ್ಲಿ ದೀಪಕ್ಕೇ ಸಾಲದು. ಆಗ ಗ್ರಾಮಸೇವಕ ಬಂದು ಗೋಬರ್ ಗ್ಯಾಸಿನ ವಿಷಯ ಹೇಳಿದ. ಅವನು ಧರ್ಮಪುರಿ ಕಡೆಯ ತಮಿಳು ಹುಡುಗ, ನಮ್ಮ ಊರುಗಳಲ್ಲಿ ತಿರುಗಿ ಕನ್ನಡ ಕಲಿತವನು.

"ಅಮ್ಮಾ, ಗುಂಡಿ ನಿಮ್ದು, ಗೋಡೆ ನಿಮ್ದು. ಡ್ರಮ್ಮು, ಪೈಪು, ಒಲೆ ಸರ್ಕಾರದ್ದು, ಮಾನ್ಯ" ಅಂದ. ಮಾನ್ಯ ಅಂದರೆ ಸರ್ಕಾರ ಬಿಟ್ಟಿ ಕೊಡುವ ಪಾಲು. "ಆದ್ರೆ ಒಂದು ರೂಲು. ಮಾರ್ಚ್ ಕೊನೆಗೆ ಒಲೆ ಉರೀಬೇಕು. ಆಫೀಸರು ಬಂದು ಉರಿ ನೋಡಿ ರುಜು ಹಾಕ್ಬೇಕು. ಇಲ್ಲಾಂದ್ರೆ ಡ್ರಮ್ಮು ವಾಪಸ್ಸು."

ಉರಿಯದೆ ಎಲ್ಲಿ ಹೋಗುತ್ತದೆ ಅಂದುಕೊಂಡೆ. ಮಗನಿಗೆ ರಜ ಸಿಗುವುದಿಲ್ಲ, ಹಾಗಾಗಿ ಆಫೀಸಿಗೆ ತಿರುಗುವ ಕೆಲಸ ನನ್ನ ತಲೆಗೆ ಬಂತು.

ಮೊದಲನೆಯ ಅಡ್ಡಿ ಪಟ್ಟಾ. ಜಮೀನು, ಮನೆ ಎಲ್ಲ ನನ್ನ ಗಂಡನ ಹೆಸರಿನಲ್ಲಿತ್ತು. ಅವರು ಸತ್ತು ಆರು ವರ್ಷವಾಗಿತ್ತು, ಕಾಗದದಲ್ಲಿ ಇನ್ನೂ ಉಳುತ್ತಿದ್ದರು. ಸತ್ತವರಿಗೆ ಸರ್ಕಾರ ಒಲೆ ಕೊಡುವುದಿಲ್ಲ. ಗ್ರಾಮದ ಆಫೀಸರ ಹತ್ತಿರ ಸಾವಿನ ದಾಖಲೆ, ತಾಲ್ಲೂಕು ಆಫೀಸಿನಲ್ಲಿ ಹೆಸರು ಬದಲಾವಣೆ, ದನದ ಡಾಕ್ಟರ ಹತ್ತಿರ ಐದು ದನ ಇವೆ ಅನ್ನುವ ಚೀಟಿ. ಎಮ್ಮೆಯನ್ನು ಸೇರಿಸಿದರೆ ನಮ್ಮಲ್ಲಿ ಸರಿಯಾಗಿ ಐದು. ಒಂದು ಕಾಗದ ಬರುವಷ್ಟರಲ್ಲಿ ಇನ್ನೊಂದು ಹಳೆಯದಾಗುತ್ತಿತ್ತು. ಪಂಚಾಯ್ತಿ ಯೂನಿಯನ್ ಆಫೀಸಿನ ಗುಮಾಸ್ತ ಅರ್ಜಿ ತೆಗೆದು ಮಸಿ ಡಬ್ಬಿ ಮುಂದೆ ತಳ್ಳಿದ. ನಾನು ಪೆನ್ನು ಕೇಳಿದೆ. ಓದಿದ್ದು ಮೂರನೇ ಕ್ಲಾಸಾದರೂ ನನ್ನ ಹೆಸರು ನನಗೆ ಬರೆಯಲು ಬರುತ್ತದೆ. ಅರ್ಜಿ ಪೂರಾ ತಮಿಳಿನಲ್ಲಿ, ಕೊನೆಗೆ ನನ್ನ ಹೆಸರು ಒಂದೇ ಕನ್ನಡದಲ್ಲಿ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಫೈಲಿಗೆ ಹಾಕಿದ. ಇಷ್ಟಕ್ಕೆ ಆಷಾಢದಿಂದ ಮಹಾನವಮಿವರೆಗೆ ಹಿಡಿಯಿತು.

ಎರಡನೆಯದು ಬಂಡೆ. ಗುಂಡಿ ಹನ್ನೊಂದು ಅಡಿ ಆಳ ಇರಬೇಕು. ಎಂಟು ಅಡಿಗೆ ಕಲ್ಲು ಸಿಕ್ಕಿತು. ಮನೆ ಪಕ್ಕ ಮದ್ದು ಇಡುವ ಹಾಗಿಲ್ಲ. ಕಲ್ಲು ಒಡೆಯುವವರು ಹಳೇ ಕ್ರಮ ಹಿಡಿದರು. ಬಂಡೆಯ ಮೇಲೆ ಸೌದೆ ಒಟ್ಟಿ ಬೆಂಕಿ ಹಾಕುವುದು, ಕಾದು ಪದರ ಬಿಟ್ಟಮೇಲೆ ಸುತ್ತಿಗೆಯಲ್ಲಿ ಎಬ್ಬಿಸುವುದು. ಒಂಬತ್ತು ದಿನ ಹೀಗೆ ಸುಟ್ಟರು. ಹೊಗೆ ಬಿಡಿಸುವುದಕ್ಕೆ ಹೊರಟ ನಮ್ಮ ಮನೆಯಲ್ಲಿ ಅಷ್ಟು ಹೊಗೆ ಯಾವತ್ತೂ ಆಡಿರಲಿಲ್ಲ. ಪಕ್ಕದ ಮನೆಯವಳು, ನನ್ನ ಓರಗೆಯವಳು, ಗೋಡೆ ಮೇಲಿಂದ ಇಣುಕಿ, "ಏನಕ್ಕ, ಸೊಸೆ ಬತ್ತಾಳೆ ಅಂತ ಅಡ್ವಾನ್ಸಾಗಿ ಹೊಗೆ ಮುಗ್ಸ್ತಿದೀಯಾ?" ಅಂದಳು.

ಗಾರೆಯವನು ಇಟ್ಟಿಗೆ ಸುತ್ತು ಕಟ್ಟಿ, ನಡುವೆ ಅಡ್ಡಗೋಡೆ ಎಬ್ಬಿಸಿದ. ಸಗಣಿ ನೀರು ಒಳಗೆ ಹೋಗಲು ಒಂದು ಪೈಪು, ಗ್ಯಾಸು ಬಿಟ್ಟ ಸಗಣಿ ಹೊರಗೆ ಬರಲು ಒಂದು ಪೈಪು. ಗುಂಡಿಯ ಬಾಯಿಗೆ ಕಬ್ಬಿಣದ ಡ್ರಮ್ಮು ಬೋರಲು ಕೂರಬೇಕು. ಒಳಗೆ ಗ್ಯಾಸು ಹುಟ್ಟಿದರೆ ಡ್ರಮ್ಮು ತಾನೇ ಮೇಲೇಳುತ್ತದೆ. ಗ್ರಾಮಸೇವಕ ತೋರಿಸಿಕೊಟ್ಟ. ಒಂದು ಮಂಕರಿ ಸಗಣಿಗೆ ಅಷ್ಟೇ ನೀರು, ಪೈಪಿನ ಬಾಯಲ್ಲಿರುವ ತೊಟ್ಟಿಯಲ್ಲಿ ಕೈಯಿಂದ ಕದಡಿ ದೋಸೆ ಹಿಟ್ಟಿನ ಹದ ಮಾಡಿ ಬಿಡಬೇಕು. ಮೊದಲ ಸಲ ಗುಂಡಿ ತುಂಬಲು ಎಂಟು ಗಾಡಿ ಸಗಣಿ. ನಮ್ಮ ಐದು ದನದಿಂದ ಅಷ್ಟು ಬರಲು ತಿಂಗಳುಗಟ್ಟಲೆ ಬೇಕು. ಊರೆಲ್ಲ ಕೇಳಿ ತಂದೆ. ಶುಕ್ರವಾರ ಯಾರೂ ಕೊಡಲಿಲ್ಲ, ಲಕ್ಷ್ಮಿ ಹೋಗುತ್ತಾಳಂತೆ. ಮಿಕ್ಕ ದಿನ ಕೊಟ್ಟರು. ಹನ್ನೆರಡು ದಿನ ನಾನು, ಕೂಲಿಗೆ ಬಂದ ಇಬ್ಬರು ಹೆಂಗಸರು ಕದಡಿದೆವು. ಬೆರಳ ಸಂದಿ ಸುಲಿದುಹೋಯಿತು.

ಡ್ರಮ್ಮು ಗಾಡಿಯಲ್ಲಿ ಬಂತು. ಎಂಟು ಜನ ಗಳ ಕಟ್ಟಿ ಇಳಿಸಿದರು. ಆಮೇಲೆ ಕಾಯುವುದು.

ಹದಿನೈದು ದಿನಕ್ಕೆ ಒಂದು ಗೇಣು ಎದ್ದಿತು. ಮೊದಲ ಗ್ಯಾಸು ಉರಿಯುವುದಿಲ್ಲ, ಗಾಳಿಗೆ ಬಿಟ್ಟುಬಿಡಿ ಅಂತ ಗ್ರಾಮಸೇವಕ ಅಂದಿದ್ದ, ಬಿಟ್ಟೆ. ಆಮೇಲೆ ಅದು ಏಳಲೇ ಇಲ್ಲ. ಮಾರ್ಗಶಿರ ಕಳೆಯಿತು, ಪುಷ್ಯದ ಚಳಿ. ಗ್ರಾಮಸೇವಕ ಬಂದು ಡ್ರಮ್ಮಿನ ಮೇಲೆ ಕೈಯಿಟ್ಟು, "ಚಳಿಗೆ ಹಂಗೇ ಅಮ್ಮಾ, ಕವಲೆ ಪಡಬೇಡಿ" ಅಂದ. ಚಿಂತೆ ಮಾಡಬೇಡಿ ಅಂತ. ಮಗ ಶಿಫ್ಟ್ ಮುಗಿಸಿ ಬಂದವನು ದಿನಾ ಚಪ್ಪಲಿ ಬಿಡುವ ಮೊದಲು ಡ್ರಮ್ಮಿನ ಹತ್ತಿರ ಹೋಗಿ ನಿಲ್ಲುತ್ತಿದ್ದ. ಸಂಕ್ರಾಂತಿಗೆ ಬಾಗಲೂರಿಗೆ ಎಳ್ಳುಬೆಲ್ಲ ಕೊಟ್ಟು ಬಂದ. ಬಂದು ಊಟ ಮಾಡಲಿಲ್ಲ.

"ಏನಂತೆಲಾ?" ಅಂದೆ.

"ಮಗೀಗೆ ನನ್ನ ಗುರ್ತು ಸಿಗ್ಲಿಲ್ಲ ಕಣಮ್ಮ" ಅಂದ.

ಫೆಬ್ರವರಿಯಲ್ಲಿ ಯೂನಿಯನ್ ಆಫೀಸಿನಿಂದ ಆಫೀಸರು ಜೀಪಿನಲ್ಲಿ ಬಂದರು. ಒಲೆಯ ತಿರುಪು ತಿರುಗಿಸಿ ಕಡ್ಡಿ ಗೀರಿದರು. ಕಡ್ಡಿ ಉರಿಯಿತು, ಒಲೆ ಉರಿಯಲಿಲ್ಲ. ಮೂರು ಕಡ್ಡಿ ಗೀರಿ ಪೆಟ್ಟಿಗೆ ಜೇಬಿಗೆ ಹಾಕಿಕೊಂಡು, ಮಾರ್ಚ್ ಮೂವತ್ತೊಂದು ಅಂತ ಹೇಳಿ ಹೊರಟರು. ಗ್ರಾಮಸೇವಕ ಜೀಪು ಹತ್ತದೆ ಹಿಂದೆ ಉಳಿದ. ಅವನ ಮುಖ ಸಣ್ಣದಾಗಿತ್ತು.

"ಅಮ್ಮಾ, ಇವ್ರಿಗೆ ಇನ್ನೂ ಹತ್ತು ಊರು ನೋಡೋದೈತೆ. ಮಾರ್ಚಲ್ಲಿ ಎಲ್ಲಾ ಕಡೆ ಬರಾಕಾಗಲ್ಲ. ಉರೀತಾ ಐತೆ ಅಂತ ನೀವೊಂದು ರುಜು ಹಾಕಿಕೊಡಿ. ನಾನು ಫೈಲಲ್ಲಿ ಸೇರಿಸ್ತೀನಿ. ಡ್ರಮ್ಮು ನಿಮ್ಗೇ ಉಳೀತದೆ. ಆಮೇಲೆ ನಿಧಾನಕ್ಕೆ ನೋಡ್ಕೊಳ್ಳಾಣ."

ಕೆಟ್ಟ ಬುದ್ಧಿಯಿಂದ ಹೇಳಿದ್ದಲ್ಲ. ನನಗೆ ಒಳ್ಳೆಯದಾಗಲಿ ಅಂತಲೇ. ಕಾಗದ ಕೈಗೂ ಕೊಟ್ಟ. ನಾನು ಅದನ್ನು ಒಂದು ರಾತ್ರಿ ಅಕ್ಕಿ ಡಬ್ಬಿ ಕೆಳಗೆ ಇಟ್ಟೆ.

ಬೆಳಗ್ಗೆ ಯಥಾಪ್ರಕಾರ ಸಗಣಿ ಕದಡಲು ಕೂತೆ. ಉರಿಯಲಿ ಬಿಡಲಿ, ದಿನಾ ಹಾಕುವುದನ್ನು ಹಾಕಬೇಕು. ಕೈ ತೊಳೆಯುವಾಗ ಬೆರಳ ಸಂದಿಯಲ್ಲಿ ಏನೋ ಕರಕರ ಅಂದಿತು. ಸರಿಯಾಗಿ ತೊಳೆಯದ ಸೊಪ್ಪು ತಿಂದಾಗ ಹಲ್ಲಿಗೆ ಸಿಕ್ಕುವಂಥದ್ದು. ತೊಟ್ಟಿಯ ತಳಕ್ಕೆ ಕೈ ಹಾಕಿದೆ. ನಾಲ್ಕು ಬೆರಳು ದಪ್ಪ ಮಣ್ಣು.

ನಮ್ಮ ಕಡೆ ಕೊಟ್ಟಿಗೆಗೆ ಸಾಯಂಕಾಲ ಒಣಗಿದ ಕೆರೆಮಣ್ಣು ಹರಡುತ್ತೇವೆ. ದನದ ಗಂಜಲವನ್ನು ಮಣ್ಣು ಹೀರಿಕೊಳ್ಳುತ್ತದೆ. ಬೆಳಗ್ಗೆ ಸಗಣಿ, ಮಣ್ಣು, ದನ ಬಿಟ್ಟ ರಾಗಿಹುಲ್ಲು ಎಲ್ಲ ಒಟ್ಟಿಗೆ ಬಾಚಿ, ಒಲೆ ಬೂದಿಯನ್ನೂ ಸೇರಿಸಿ ತಿಪ್ಪೆಗೆ ಹಾಕುತ್ತೇವೆ. ರಾಗಿಗೆ ಅದರಷ್ಟು ಒಳ್ಳೆ ಗೊಬ್ಬರ ಇಲ್ಲ. ನಮ್ಮತ್ತೆ ಹಾಗೆ ಮಾಡಿದರು, ನಾನೂ ಹಾಗೇ ಮಾಡಿದೆ, ಊರೆಲ್ಲ ಹಾಗೇ ಮಾಡುತ್ತದೆ. ಆ ಎಂಟು ಗಾಡಿಯೂ ಊರಿನ ಕೊಟ್ಟಿಗೆಗಳದ್ದೇ. ಗ್ರಾಮಸೇವಕನಿಗೆ ಈ ಪದ್ಧತಿ ಗೊತ್ತಿಲ್ಲ, ಅವರ ಕಡೆ ಇಲ್ಲವಂತೆ. ನನಗೆ ಗೊತ್ತಿತ್ತು, ಆದರೆ ಮಣ್ಣು ಗ್ಯಾಸಾಗುವುದಿಲ್ಲ ಅನ್ನುವುದು ಹೊಳೆಯಲಿಲ್ಲ. ದಿನಾ ಮಾಡುವ ಕೆಲಸ ಕಣ್ಣಿಗೆ ಬೀಳುವುದಿಲ್ಲ.

ಒಂದು ಬೊಂಬಿಗೆ ಹನ್ನೊಂದು ಅಡಿಗೆ ಸುಣ್ಣದಲ್ಲಿ ಗುರುತು ಮಾಡಿ ಪೈಪಿನೊಳಗೆ ಇಳಿಸಿದೆ. ಏಳು ಅಡಿಗೆ ನಿಂತಿತು. ಜಾಡಿಸಿ ಒತ್ತಿದರೂ ಅಲ್ಲಾಡಲಿಲ್ಲ. ಕೆಳಗೆ ನಾಲ್ಕು ಅಡಿ ಮಣ್ಣು ಕೂತಿದೆ, ಮೇಲೆ ಹುಲ್ಲು ತೇಲಿ ಕೆನೆ ಕಟ್ಟಿದೆ. ನಡುವೆ ಒಂದಿಷ್ಟು ಸಗಣಿ ನೀರು.

ಅಲ್ಲೇ ಕಟ್ಟೆಯ ಮೇಲೆ ಕೂತೆ. ಎದ್ದೇಳಲು ಮನಸ್ಸಾಗಲಿಲ್ಲ. ರುಜು ಹಾಕಿದರೆ ಡ್ರಮ್ಮು ಉಳಿಯುತ್ತದೆ, ನಿಜ. ಆದರೆ ಉರಿಯುತ್ತಿದೆ ಅಂತ ಕಾಗದ ಆದಮೇಲೆ ಉರಿಯದ ಒಲೆಯನ್ನು ನೋಡಲು ಯಾರು ಬರುತ್ತಾರೆ. ಅಂಗಳದಲ್ಲಿ ಸರ್ಕಾರದ ಡ್ರಮ್ಮು ತುಕ್ಕು ಹಿಡಿಯುತ್ತದೆ, ಸೊಸೆ ಬಾಗಲೂರಿನಲ್ಲೇ ಇರುತ್ತಾಳೆ. ನನಗೆ ಬೇಕಾದದ್ದು ಡ್ರಮ್ಮಲ್ಲ.

ಮಗನಿಗೆ ಹೇಳಿದೆ, "ಗುಂಡಿ ಖಾಲಿ ಮಾಡಾಣ ಕಣ್ಲಾ."

"ಅಮ್ಮ, ಈಗ್ಲಾ? ಮಾರ್ಚ್ ಕೊನೆಗೆ ಆರು ವಾರ ಐತೆ ಅಷ್ಟೆ."

"ಅದಕ್ಕೇ ಈಗ."

ಗ್ರಾಮಸೇವಕನಿಗೆ ಕಾಗದ ಬರಿದಾಗಿಯೇ ವಾಪಸ್ಸು ಕೊಟ್ಟೆ. ಬೊಂಬು ತೋರಿಸಿದೆ. ಅವನು ಸುಣ್ಣದ ಗುರುತಿನ ಮೇಲೆ ಬೆರಳಿಟ್ಟು ನೋಡಿ, "ನಾನು ಕೇಳ್ಬೇಕಾಗಿತ್ತಮ್ಮಾ" ಅಂದ. "ನಾನು ಹೇಳ್ಬೇಕಾಗಿತ್ತು" ಅಂದೆ. ಅಲ್ಲಿಗೆ ಆ ಮಾತು ಮುಗಿಯಿತು. ಗುಂಡಿಯೊಳಗಿನ ಗಾಳಿ ಕೆಟ್ಟದ್ದು, ಮನುಷ್ಯರು ತಕ್ಷಣ ಇಳಿಯಬಾರದು, ಹತ್ತಿರ ಬೀಡಿ ಹಚ್ಚಬಾರದು ಅಂತ ಅವನೇ ನಿಂತು ಎಚ್ಚರ ಹೇಳಿದ. ಡ್ರಮ್ಮು ಎತ್ತಿಸಿ, ಮೇಲಿನ ನೀರನ್ನು ಬಕೆಟ್ಟಿನಲ್ಲಿ ಸೇದಿ, ನಾಲ್ಕು ದಿನ ಬಾಯಿ ತೆರೆದು ಬಿಟ್ಟೆವು. ಐದನೆಯ ದಿನ ಒಂದು ಕೋಳಿಯನ್ನು ಮಂಕರಿಯಲ್ಲಿ ಕಟ್ಟಿ ಕೆಳಗಿಳಿಸಿದೆವು. ಒಂದು ಗಳಿಗೆ ಬಿಟ್ಟು ಎಳೆದರೆ ಬೈದುಕೊಂಡೇ ಮೇಲೆ ಬಂತು. ಆಮೇಲೆ ಆಳುಗಳು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು. ಆರು ದಿನ ಮಣ್ಣು ಹೊತ್ತರು. ಅದನ್ನೆಲ್ಲ ಹಿಪ್ಪುನೇರಳೆ ತೋಟಕ್ಕೆ ಹಾಕಿಸಿದೆ.

ಕೊಟ್ಟಿಗೆಗೆ ಚಪ್ಪಡಿ ಹಾಸಿಸಿದೆ. ಮಣ್ಣು ಹರಡುವುದನ್ನು ನಿಲ್ಲಿಸಿದೆ. ಮತ್ತೆ ಊರೆಲ್ಲ ತಿರುಗಿದೆ. ಈ ಸಲ ಕೇಳುವುದು ಕಷ್ಟ. ಒಂದು ಸಲ ಕೊಟ್ಟವರ ಹತ್ತಿರ ಮತ್ತೆ ಹೋಗಿ, ನೀವು ಕೊಟ್ಟದ್ದು ಸರಿಯಿಲ್ಲ, ಬೇರೆ ಕೊಡಿ ಅಂತ ಹೇಗೆ ಕೇಳುವುದು. ಬೆಳಕು ಹರಿಯುವಾಗಲೇ ಮಂಕರಿ ಹಿಡಿದು ಅವರವರ ಕೊಟ್ಟಿಗೆಗೆ ಹೋಗಿ, ದನ ಹಾಕಿದ ಸಗಣಿಯ ಮೇಲಿನ ಅರ್ಧವನ್ನು ನಾನೇ ಕೈಯಲ್ಲಿ ಎತ್ತಿಕೊಂಡೆ. ತಳದ ಅರ್ಧ ಅವರ ತಿಪ್ಪೆಗೆ.

"ಸಗಣೀಗೂ ಮೇಲ್ಗೆನೆ ಕೆಳ್ಗೆನೆ ಅಂತ ಐತೇನಕ್ಕ?" ಅಂದಳು ಪಕ್ಕದ ಮನೆಯವಳು.

"ಐತೆ. ನಿನ್ನ ಎಮ್ಮೆದಂತೂ ಬರೀ ನೀರು, ಅದಕ್ಕೇನು ಹಾಕ್ತೀಯೋ ಕಾಣೆ."

ನಗುತ್ತಾ ತಾನೂ ಒಂದು ಮಂಕರಿ ತಂದು ಹಾಕಿದಳು. ಮಾರನೆಯ ದಿನ ಶುಕ್ರವಾರ, ಅವತ್ತೂ ತಂದಳು.

ಗುಂಡಿ ತುಂಬುವಾಗ ಮಾರ್ಚ್ ಮೊದಲ ವಾರ. ಹೋದ ಸಲ ಹದಿನೈದು ದಿನಕ್ಕೆ ಗೇಣು ಎದ್ದದ್ದು ನೆನಪಿತ್ತು. ಹಾಗಾದರೆ ಈ ಸಲವೂ ಮಾರ್ಚ್ ಒಳಗೆ ಆಗುವುದಿಲ್ಲ. ಅವತ್ತು ಹಾಲಿಗೆ ಹೆಪ್ಪು ಹಾಕುವಾಗ ಅನ್ನಿಸಿತು, ಇದಕ್ಕೂ ಒಂದು ಹೆಪ್ಪು ಬೇಕು. ಹೆಪ್ಪಿಲ್ಲದೆ ಬಿಟ್ಟ ಹಾಲು ಮೊಸರಾಗುವುದಿಲ್ಲ, ಕೆಡುತ್ತದೆ. ಗ್ರಾಮಸೇವಕನನ್ನು ಕೇಳಿದರೆ, "ಪುಸ್ತಕದಲ್ಲೂ ಹಂಗೇ ಐತೆ, ಉರೀತಿರೋ ಗುಂಡೀದು ಎರಡು ಟಿನ್ನು ತಂದು ಹಾಕಿದ್ರೆ ಬೇಗ. ಆದ್ರೆ ಈ ಸುತ್ತಿನಲ್ಲಿ ಯಾರ್ದೂ ಉರೀತಿಲ್ಲ" ಅಂದ.

ಬಾಗಲೂರಿಗೆ ಹೊರಟೆ. ಬೀಗರಿಗೆ ಇದ್ದದ್ದು ಇದ್ದ ಹಾಗೆ ಹೇಳುವುದು ಒಂದು, ಮಗುವನ್ನು ನೋಡುವುದು ಇನ್ನೊಂದು. ಸೊಸೆ ಬಾಗಿಲಲ್ಲೇ ನಿಂತಿದ್ದಳು. ಮೈ ತುಂಬಿಕೊಂಡಿದ್ದಳು, ಕೆಮ್ಮು ಇಲ್ಲ. ಅದನ್ನು ನೋಡಿ ಸಂತೋಷವೂ ಆಯಿತು, ಮನಸ್ಸು ಇಳಿದೂ ಹೋಯಿತು. ಇವಳನ್ನು ಯಾವ ಮುಖದಲ್ಲಿ ಕರೆಯುವುದು. ಬೀಗರ ಮುಂದೆ ಮಣ್ಣಿನ ಕಥೆ ಎಲ್ಲ ಹೇಳಿದೆ. ಉರಿಯುತ್ತದೋ ಇಲ್ಲವೋ ಗೊತ್ತಿಲ್ಲ ಅಂತಲೂ ಹೇಳಿದೆ.

ಅವರು ಎಲೆಅಡಿಕೆ ಮಡಚುವುದನ್ನು ಬಿಟ್ಟು ನನ್ನನ್ನೇ ನೋಡಿದರು. "ರುಜು ಹಾಕಿದ್ರೆ ಆಗ್ತಿತ್ತಲ್ಲಕ್ಕ. ನಮ್ಗೂ ಉರೀತದೆ ಅಂತ ಹೇಳ್ಬೋದಾಗಿತ್ತು."

"ಹೇಳಿದ್ರೆ ನೀವು ಕಳ್ಸ್ತಿದ್ರಿ. ಅವ್ಳು ಬಂದು ಅದೇ ಒಲೆ ಊದ್ತಿದ್ಳು."

ಅವರು ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟರು. ಆ ಊರಿನ ದೊಡ್ಡ ರೈತರೊಬ್ಬರ ಮನೆಯಲ್ಲಿ ಗ್ಯಾಸು ಉರಿಯುತ್ತಿತ್ತಂತೆ. ಮಧ್ಯಾಹ್ನಕ್ಕೆ ಎರಡು ಸೀಮೆಎಣ್ಣೆ ಟಿನ್ನಿನ ತುಂಬ ಆ ಗುಂಡಿಯ ಸಗಣಿ ನೀರು ತಂದು, ಬಾಯಿಗೆ ಬಟ್ಟೆ ಕಟ್ಟಿ, ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ನಿಂತರು.

"ನೀವ್ಯಾಕೆ ಬೀಗ್ರೆ?"

"ಎರಡೂ ನೀವೊಬ್ರೇ ಹೊತ್ಕೊಂಡೋಗ್ತೀರಾ?"

ಹೊಸೂರಿನಲ್ಲಿ ಬಸ್ಸು ಬದಲಾಯಿಸುವಾಗ ಕಂಡಕ್ಟರು ಟಿನ್ನಿಗೆ ಕೈ ಅಡ್ಡ ಹಿಡಿದ. "ಎನ್ನಮ್ಮಾ ಇದು?" ಅಂದ.

"ಹೆಪ್ಪು" ಅಂದೆ.

"ಎಂಥಾ ಹೆಪ್ಪು, ಎರಡು ಟಿನ್ನು?"

"ಬಟ್ಟೆ ಬಿಚ್ಚಿ ಮೂಸಿ ನೋಡಪ್ಪ."

ಅವನು ಮೂಸಿದ. ಆಮೇಲೆ ಮೂಗು ಮುಚ್ಚಿಕೊಂಡು ಮೇಲಿನ ಕ್ಯಾರಿಯರ್ ತೋರಿಸಿದ. ಬೀಗರು ಏಣಿ ಹತ್ತಿ ಟಿನ್ನು ಕಟ್ಟಿದರು. ದಾರಿಯುದ್ದಕ್ಕೂ ಕುಲುಕಿ, ಇಳಿಸುವಾಗ ಅವರ ಬಿಳಿ ಅಂಗಿಯ ಒಂದು ಪಕ್ಕ ಪೂರಾ ಹಸುರಾಗಿತ್ತು. ಅವರೇ ಗುಂಡಿಗೆ ಸುರಿದು, ಕೈ ತೊಳೆದುಕೊಂಡು, ನಮ್ಮ ಮನೆಯ ಒಳಗೆ ಬರದೆ ಕಡೇ ಬಸ್ಸಿಗೆ ಹೋದರು.

ಬಿಸಿಲು ಏರಿತ್ತು, ಅದೂ ಒಳ್ಳೆಯದಾಯಿತು. ಹತ್ತನೆಯ ದಿನ ಡ್ರಮ್ಮು ಮೊಣಕಾಲುದ್ದ ಎದ್ದಿತು. ಗಾಳಿಗೆ ಬಿಟ್ಟೆ. ಮತ್ತೆ ಎದ್ದಿತು, ಮತ್ತೆ ಬಿಟ್ಟೆ. ಮೂರನೆಯ ಸಲ ಮಗ ಕಡ್ಡಿ ಗೀರಿದ. ಬುಸ್ ಅಂದಿತು, ಆರಲಿಲ್ಲ. ಅವನು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತೇ ಇದ್ದ. ಶಿಫ್ಟಿಗೆ ಹೊತ್ತಾಯಿತು ಅಂತ ನಾನೇ ಎಬ್ಬಿಸಿದೆ.

ಆಫೀಸರು ತಿಂಗಳ ಕೊನೆಗೆ ಎರಡು ದಿನ ಇರುವಾಗ ಬಂದರು. ನಡು ಮಧ್ಯಾಹ್ನ. ಒಲೆಯನ್ನು ಅಂಗಳಕ್ಕೆ ತರಿಸಿದರು, ಒಳಗೆ ಕತ್ತಲೆ ಅಂತ. ಹಚ್ಚಿದೆ. ಅವರು ಬಗ್ಗಿ ನೋಡಿದರು.

"ಎಂಗಮ್ಮಾ ಎರಿಯುದು?" ಎಲ್ಲಿ ಉರಿಯುತ್ತಿದೆ ಅಂತ.

ಬಿಸಿಲಿನಲ್ಲಿ ಆ ಉರಿ ಕಾಣುವುದಿಲ್ಲ. ನೀಲಿ ಉರಿ, ಹೊಗೆಯಿಲ್ಲ, ಸದ್ದೂ ಸಣ್ಣದು. ಇಷ್ಟು ತಿಂಗಳು ಒದ್ದಾಡಿ ತಂದ ಉರಿ ಎದುರಿಗಿದ್ದೂ ಆಫೀಸರ ಕಣ್ಣಿಗೆ ಬೀಳಲಿಲ್ಲ. ನಾನು ಒಂದು ರಾಗಿಹುಲ್ಲಿನ ಕಡ್ಡಿ ಹಿಡಿದೆ. ಭಗ್ ಅಂತ ಹತ್ತಿತು. ಅವರು ಎರಡು ಹೆಜ್ಜೆ ಹಿಂದೆ ಸರಿದರು. ಕಾಫಿ ಕಾಯಿಸಿಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, ರುಜು ಹಾಕಿದರು.

ಯುಗಾದಿ ಕಳೆದು ಬೀಗರು ಮಗಳನ್ನೂ ಮಗುವನ್ನೂ ಕರೆದುಕೊಂಡು ಬಂದರು. ಕೈಕಾಲು ತೊಳೆದವರು ಜಗುಲಿ ಮೇಲೆ ಕೂರಲಿಲ್ಲ. ನೆಟ್ಟಗೆ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತರು.

"ಕಾವಲಾ ಬೀಗ್ರೆ?"

"ನೀವು ಬೇಯ್ಸಿ. ನಾನು ಕೂತಿರ್ತೀನಿ."

ಒಲೆಯನ್ನು ಕಲ್ಲಿನ ಕಟ್ಟೆ ಮೇಲೆ ಇಟ್ಟಿದ್ದೆ, ನಿಂತು ಬೇಯಿಸಬೇಕು ಅಂತ ಗ್ರಾಮಸೇವಕ ಹೇಳಿದ್ದ. ಅನ್ನ, ಸಾರು ಆಯಿತು. ಮುದ್ದೆಗೆ ಹಿಟ್ಟು ಹಾಕಿ ಕೋಲಿನಿಂದ ತಿರುವಿದರೆ ಒಲೆ ಸಮೇತ ಪಾತ್ರೆ ಸುತ್ತಿತು. ಸೊಸೆ ಹಿಡಿಯಲು ಬಂದಳು, ಅವಳಿಗೂ ಆಗಲಿಲ್ಲ. ಇಬ್ಬರೂ ಒಲೆಯನ್ನು ನೆಲಕ್ಕೆ ಇಳಿಸಿ, ಎರಡು ಕಡೆ ಕಲ್ಲು ಕೊಟ್ಟು, ಪಾತ್ರೆಗೆ ಕವೆಗೋಲು ಒತ್ತಿ ಹಿಡಿದು ತಿರುವಿದೆವು. ಬೀಗರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಊಟ ಮಾಡಿ, ಮಗುವಿನ ತಲೆ ಮುಟ್ಟಿ, ಒಬ್ಬರೇ ಹೊರಟರು. ಮಗಳಿಗೆ ಬತ್ತೀನಿ ಅಂತ ಒಂದೇ ಮಾತು.

ಮಾರನೆಯ ಬೆಳಗ್ಗೆ ತೊಟ್ಟಿಯ ಹತ್ತಿರ ಕೂತು ಸಗಣಿ ಕದಡುತ್ತಿದ್ದೆ. ಗ್ಯಾಸು ಬಂದರೆ ಕೆಲಸ ಕಮ್ಮಿ ಅಂತ ಯಾರು ಹೇಳಿದ್ದೋ. ದಿನಾ ಎರಡು ಮಂಕರಿ, ಎರಡು ಬಿಂದಿಗೆ ನೀರು, ಮಳೆಯೋ ಚಳಿಯೋ ತಪ್ಪುವ ಹಾಗಿಲ್ಲ. ಸೊಂಟ ಹಿಡಿದುಕೊಂಡಿತ್ತು. ಸೊಸೆ ಬಂದು ಎದುರಿಗೆ ಕೂತಳು. ಸೀರೆ ಮೇಲಕ್ಕೆ ಸಿಕ್ಕಿಸಿ ತೊಟ್ಟಿಗೆ ಕೈ ಹಾಕಿದಳು. ನಾನು ಬಿಂದಿಗೆಯನ್ನು ಅವಳ ಕಡೆ ಸರಿಸಿದೆ.

ಸ್ವಲ್ಪ ಹೊತ್ತು ಕದಡಿದವಳು ಕೈ ನಿಲ್ಲಿಸಿದಳು. ತಳದಿಂದ ಹುಣಸೆಬೀಜದಷ್ಟು ಒಂದು ಕಲ್ಲು ತೆಗೆದು ನೀರಿನಲ್ಲಿ ತೊಳೆದು ತೊಟ್ಟಿಯ ಅಂಚಿನ ಮೇಲೆ ಇಟ್ಟಳು.

"ಅತ್ತೆ, ಕಲ್ಲು."

"ಇನ್ನೂ ನೋಡು" ಅಂದೆ. "ಇರ್ತವೆ."